ಸ್ವಲ್ಪ ಪಾಲಿಶ್

“ಮಾವ, ಇಂಗ್ಲಿಷ್ ಸ್ವಲ್ಪ ಪಾಲಿಶ್ ಮಾಡಿಕೊಡಿ, ಐದು ನಿಮಿಷದ ಕೆಲಸ.”

ಅಕ್ಕನ ಮಗ ಸುದ್ದಿಮನೆಯ ಡೆಸ್ಕಿನಲ್ಲಿದ್ದಾನೆ. ಕನ್ನಡದ ಕಾಪಿಯನ್ನು ಯಂತ್ರ ಇಂಗ್ಲಿಷಿಗೆ ತಿರುವುತ್ತದೆ, ತಿರುವಿದ್ದನ್ನು ಇವನು ನನ್ನ ವಾಟ್ಸ್ಯಾಪಿಗೆ ತಳ್ಳುತ್ತಾನೆ. ಐದೇ ನಿಮಿಷದ್ದಾದರೆ ನೀನೇ ಮಾಡಬಾರದೇನೋ ಎಂದು ಕೇಳುವ ಆಸೆ. ಕೇಳುವುದಿಲ್ಲ, ರಿಟೈರಾದವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಅವತ್ತು ಬಂದದ್ದು ಕೆಆರ್‌ಎಸ್ ಸುದ್ದಿ. 2025ರಲ್ಲಿ ಜೂನ್‌ನಲ್ಲೇ ಕಟ್ಟೆ ತುಂಬಿ, 30ನೇ ತಾರೀಕು ಮುಖ್ಯಮಂತ್ರಿ ಸಿದ್ದರಾಮಯ್ಯ ಕಾವೇರಿಗೆ ಬಾಗಿನ ಅರ್ಪಿಸಿದ್ದರು. ಯಂತ್ರದ ಪ್ರಕಾರ ಅವರು ನದಿಗೆ ಗಿಫ್ಟ್ ಕೊಟ್ಟಿದ್ದರು. ಲೋಕಾಯುಕ್ತರು ಓದಿದರೆ ಏನು ಗತಿ! ಬಾಗಿನವನ್ನು ಬಾಗಿನವೆಂದೇ ಬಿಟ್ಟು ಪಕ್ಕದಲ್ಲೊಂದು ಸಾಲು ವಿವರಣೆ ಹಾಕೋಣವೆಂದು ಅಕ್ಕನಿಗೆ ಫೋನ್ ಮಾಡಿದೆ.

“ಬರೀ ಮೊರ ಅಂತ ಬರೀಬೇಡ ಕಣೋ. ಜೋಡಿ ಮೊರ, ಬಿದಿರಿಂದು, ಅರಿಶಿನ ಸವರಿ ಒಣಗಿಸಿರಬೇಕು” ಎಂದು ಶುರುವಾಯಿತು. ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ ದಾಟಿ ರವಿಕೆ ಕಣಕ್ಕೆ ಬಂದವಳು ಅಲ್ಲೇ ಬೀಡುಬಿಟ್ಟಳು. ಒಂದು ಗೌರಿ ಹಬ್ಬಕ್ಕೆ ಅವಳು ಓರಗಿತ್ತಿಗೆ ಕೊಟ್ಟಿದ್ದ ಗಿಳಿಹಸಿರು ಕಣ ಮೂರು ಮನೆ ಸುತ್ತಿ ಮುಂದಿನ ಗೌರಿಗೆ ಅವಳ ಮಡಿಲಿಗೇ ಬಂದು ಬಿದ್ದಿತ್ತಂತೆ. ಗುರುತು ಹೇಗೆ ಸಿಕ್ಕಿತು? ಅಂಚಿನಲ್ಲಿ ಅವಳದೇ ಕೈಯ ಎಣ್ಣೆ ಕಲೆ. ಓರಗಿತ್ತಿಯನ್ನು ಕೇಳಿದರೆ “ಕಾವೇರಮ್ಮನಿಗೆ ಕೊಟ್ಟಿದ್ದೂ ತಮಿಳುನಾಡಿಗೆ ಹೋಗಲ್ವಾ” ಅಂದಳಂತೆ. ಆಮೇಲೆ ಇಬ್ಬರ ನಡುವೆ ಮಾತು ನಿಂತದ್ದು, ನಾದಿನಿಯ ಮದುವೆಯಲ್ಲಿ ಹೋಳಿಗೆ ಬಡಿಸುವಾಗ ಮತ್ತೆ ಶುರುವಾದದ್ದು, ಈಗ ಮೊರಗಳೂ ಪ್ಲಾಸ್ಟಿಕ್ ಆಗಿರುವುದು, ಎಲ್ಲವನ್ನೂ ಕೇಳಿಸಿಕೊಂಡು ಫೋನ್ ಇಟ್ಟಾಗ ಮಗ ನಾಲ್ಕು ಪ್ರಶ್ನಾರ್ಥಕ ಚಿಹ್ನೆ ಕಳಿಸಿದ್ದ.

ವಿವರಣೆ ಬರೆದು ಕಳಿಸಿದೆ. ಡೆಸ್ಕ್ ಅದನ್ನು ಹೊಡೆದುಹಾಕಿ “ಪೂಜೆ ಸಲ್ಲಿಸಿದರು” ಎಂದು ಹಾಕಿತು. ಇರಲಿ. “ರೈತರ ಮೊಗದಲ್ಲಿ ಮಂದಹಾಸ” ಮಾತ್ರ ಎರಡು ಕಡೆ ಹಲ್ಲುಕಿರಿದುಕೊಂಡು ಉಳಿಯಿತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ನನಗೆ ನಿಜಕ್ಕೂ ಉರಿದದ್ದು ಅಂಕಿಯ ವಿಷಯದಲ್ಲಿ. ಹೊರದೇಶದ ಓದುಗರಿಗೆಂದು ಅಡಿಯನ್ನೆಲ್ಲ ಮೀಟರ್ ಮಾಡಬೇಕಂತೆ. ಕೆಆರ್‌ಎಸ್ ತುಂಬಿದಾಗಿನ ಮಟ್ಟ, ಮಂಡ್ಯದ ಮಗುವಿಗೂ ಬಾಯಿಪಾಠವಾಗಿರುವ 124.80 ಅಡಿ ಹೋಗಿ 38.04 ಮೀಟರ್ ಬಂತು. ಕೆಳಗೇ ಕಬಿನಿ: 2284 ಅಡಿ, ಅಂದರೆ 696 ಮೀಟರ್. ಕಬಿನಿಯದು ಸಮುದ್ರಮಟ್ಟದಿಂದ ಎಣಿಸಿದ್ದು, ಕೆಆರ್‌ಎಸ್‌ನದು ಕಟ್ಟೆಯ ಬುಡದಿಂದ. ಅಡಿಯಲ್ಲಿದ್ದಾಗ ನಮ್ಮವರಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯುತ್ತಿರಲಿಲ್ಲ. ಈಗ ನ್ಯೂಜೆರ್ಸಿಯಲ್ಲಿ ಕೂತವನು ಕಬಿನಿಯ ಆಳ ಕಂಡು ಬೆಚ್ಚಿಬೀಳಬೇಕು. ಇದನ್ನು ಹೇಳಿದರೆ ಹುಡುಗ, “ಮಾವ, ಗ್ರಾಮರ್ ಸರಿ ಇದೆಯಾ, ಅಷ್ಟು ನೋಡಿ” ಅಂದ. ಸರಿ ಇತ್ತು. ಗ್ರಾಮರ್ ಯಾವತ್ತೂ ಸರಿಯಾಗೇ ಇರುತ್ತದೆ, ದರಿದ್ರದ್ದು.

ಒಳ್ಳೆಯ ಪಾಲಿಶ್ ಎಂದರೇನೆಂದು ಬರೆಯಬೇಕೆಂದು ಕೂತಿದ್ದೆ. ಅಷ್ಟರಲ್ಲಿ ತುಂಗಭದ್ರೆಯ ಕಾಪಿ ಬಂದಿದೆ, 1633 ಅಡಿ. ಯಂತ್ರ ಈ ಸಲ ನೀರು ಬಿಡುವ ಕ್ರಸ್ಟ್‌ಗೇಟನ್ನು ಊರಬಾಗಿಲು ಮಾಡಿದೆ.