ಮಾಗಡಿ ಕೆರೆಗೆ ಸ್ವೆಟರ್ ಹಾಕಿಕೊಂಡು ಹೋಗಿದ್ದು

ಚಳಿಗಾಲ ಬಂತೆಂದರೆ ಸಾಕು, ಎಲ್ಲರೂ ಗದಗ ಜಿಲ್ಲೆಯ ಮಾಗಡಿ ಕೆರೆಗೆ ವಲಸೆ ಬರುವ ಹಕ್ಕಿಗಳ ಫೋಟೋ ಹಾಕಿ ಅದ್ಭುತ, ಅದ್ಭುತ ಅಂತ ಬರೆಯುತ್ತಾರೆ. ನಾನೊಂದು ನಿಜ ಹೇಳಿಬಿಡುತ್ತೇನೆ. ಮೊದಲ ಸಲ ಆ ಹಕ್ಕಿಗಳನ್ನು ನೋಡಿದಾಗ ನನಗೆ ಅಳು ಬಂದಿತ್ತು. ಖುಷಿಗಲ್ಲ.

ಆಗ ಹುಬ್ಬಳ್ಳಿಯಲ್ಲಿ ಮೂರನೇ ಇಯತ್ತೆ. ಲಕ್ಷ್ಮೇಶ್ವರದಲ್ಲಿ ನನ್ನ ಮಾವನ ಮನೆ. ಮಾವ ಊರಿಗೆ ಬಂದಾಗಲೆಲ್ಲ ಅದೇ ಮಾತು. "ಲೇ ತಮ್ಮಾ, ಮಂಗೋಲಿಯಾದಿಂದ ಬರ್ತಾವ. ಹಿಮಾಲಯ ದಾಟಿ ಬರ್ತಾವ. ವಿಮಾನ ಹಾರೋ ಎತ್ತರಕ್ಕ ಹಾರ್ತಾವ." ನಾನು ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕುತ್ತಿದ್ದೆ. ನಮ್ಮ ಓಣಿಯ ಗುಬ್ಬಿ ಗಟಾರ ದಾಟುತ್ತದೆ, ಅದು ಅಂಗೈಯಷ್ಟಿದೆ. ಕಾಗೆ ಓಣಿ ದಾಟುತ್ತದೆ, ಅದು ಅದಕ್ಕಿಂತ ದೊಡ್ಡದು. ಹದ್ದು ಇಡೀ ಉಣಕಲ್ ಕೆರೆ ದಾಟುತ್ತದೆ. ಹಾಗಿದ್ದರೆ ಹಿಮಾಲಯ ದಾಟುವ ಹಕ್ಕಿ ಎಷ್ಟಿರಬೇಕು? ಕಡಿಮೆ ಅಂದರೂ ನೀರಿನ ಟ್ಯಾಂಕಿನಷ್ಟು. ಲೆಕ್ಕದಲ್ಲಿ ತಪ್ಪೇನಿದೆ ಹೇಳಿ?

ಕೊನೆಗೂ ಡಿಸೆಂಬರಿನಲ್ಲಿ ಒಂದು ದಿನ ಮಾವ ಬೆಳಗಿನ ಜಾವ ತನ್ನ ಎಂ80 ಗಾಡಿ ಮೇಲೆ ಕರೆದುಕೊಂಡು ಹೊರಟ. ನಾನು ಎರಡು ಸ್ವೆಟರ್, ಮಂಕಿ ಟೋಪಿ, ಕಾಲುಚೀಲ ಎಲ್ಲ ಹಾಕಿಕೊಂಡಿದ್ದೆ. ಅತ್ತೆ ಚಳಿಗೆ ಅಂದುಕೊಂಡಳು. ಹಕ್ಕಿ ನನ್ನನ್ನು ಎತ್ತಿಕೊಂಡು ಹೋದರೆ ಹಿಮಾಲಯದಲ್ಲಿ ಬೇಕಾಗುತ್ತದೆ ಅನ್ನುವುದು ನನ್ನ ತಯಾರಿ. ಯಾರಿಗೂ ಹೇಳಿರಲಿಲ್ಲ.

ಹೋಗಿ ನೋಡಿದರೆ ಕೆರೆ. ಸುಮ್ನೆ ಒಂದು ಕೆರೆ. ದಂಡೆಯಲ್ಲಿ ಕೆಸರು, ಕೆಸರಿನಲ್ಲಿ ಎಮ್ಮೆ ಹೆಜ್ಜೆ, ಜಾಲಿ ಗಿಡ. ದೂರದಲ್ಲಿ ನೀರಿನ ಮೇಲೆ ಬೂದಿ ಬಣ್ಣದ ಚುಕ್ಕೆಗಳು. ಅಷ್ಟರಲ್ಲಿ ಒಂದು ಗುಂಪು ಕ್ವಾಂ ಕ್ವಾಂ ಅನ್ನುತ್ತ ತಲೆ ಮೇಲೆ ಹಾದುಬಂದು ನೀರಿಗೆ ಇಳಿಯಿತು. ಪಕ್ಕದಲ್ಲಿ ಟವೆಲ್ ಸುತ್ತಿಕೊಂಡು ನಿಂತಿದ್ದ ರೈತರೊಬ್ಬರು, "ರಾತ್ರಿಯೆಲ್ಲ ನಮ್ಮ ಕಡ್ಲಿ ಹೊಲ ಮೇದು ಈಗ ಬಂದ್ವು ನೋಡ್ರಿ ಸಾಹೇಬ್ರು" ಅಂದರು.

"ಮಾಮಾ, ಇವು ಬಾತುಕೋಳಿ."

"ಬಾತುಕೋಳಿ ಅಲ್ಲಲೇ, ಹೆಬ್ಬಾತು! ತಲೀ ಮ್ಯಾಲೆ ಎರಡು ಕರೀ ಪಟ್ಟಿ ಅದಾವ ನೋಡು!"

ಪಟ್ಟಿ ಕಟ್ಟಿಕೊಂಡು ನಾನೇನು ಮಾಡಲಿ? ನನಗೆ ಟ್ಯಾಂಕಿನಷ್ಟು ಹಕ್ಕಿ ಬೇಕಿತ್ತು. ಎರಡು ಸ್ವೆಟರಿನೊಳಗೆ ಬೆವರು ಬಿಟ್ಟಿತ್ತು, ಬಿಚ್ಚೋಕೂ ಮನಸ್ಸಿಲ್ಲ. ಮಾವನಿಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದಾವ, ನಿನಗ ಕಿಮ್ಮತ್ತ ಇಲ್ಲ ಅಂತ ಬೈದ. ಆಮೇಲೆ ಪೇಟೆಗೆ ಕರೆದುಕೊಂಡು ಹೋಗಿ ಗಿರ್ಮಿಟ್ಟು, ಮಿರ್ಚಿ ಕೊಡಿಸಿದ. ಮಿರ್ಚಿ ಚೆನ್ನಾಗಿತ್ತು.

ಮಾವ ಒಂದು ಸುಳ್ಳನ್ನೂ ಹೇಳಿರಲಿಲ್ಲ, ಅದೇ ತಮಾಷೆ. ಈ ಪಟ್ಟೆತಲೆ ಹೆಬ್ಬಾತು ತೂಗುವುದು ಎರಡು-ಮೂರು ಕೆಜಿ, ಅಷ್ಟೇ. ಆದರೆ ಅದು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿ ನಮ್ಮಂಥವರಿಗೆ ಉಸಿರೇ ಸಿಗುವುದಿಲ್ಲ, ಆಮ್ಲಜನಕ ಇಲ್ಲಿಯ ಅರ್ಧದಷ್ಟೂ ಇರುವುದಿಲ್ಲ. ಅದರ ರಕ್ತ ಇದ್ದಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದಂತೆ. ಅದೂ ಹಾರುವುದು ಹೆಚ್ಚಾಗಿ ರಾತ್ರಿ, ಗಾಳಿ ತಂಪಾಗಿ ದಟ್ಟವಾಗಿರುವಾಗ. ಇದೆಲ್ಲ ದೊಡ್ಡವನಾದ ಮೇಲೆ ಓದಿ ಮೈ ಜುಮ್ಮೆಂದಿದ್ದು ನಿಜ. ಆದರೆ ಎಂಟು ವರ್ಷದ ಹುಡುಗನಿಗೆ ಇದನ್ನು ಹೇಳಿ, 'ಸಣ್ಣದಾಗಿರೋದೇ ಅದರ ವಿಶೇಷ ಕಣೋ' ಅಂದರೆ ಅವನಿಗೆ ಸಮಾಧಾನ ಆಗುತ್ತಾ? ಆಗಬೇಕು ಅಂತಾದರೂ ಯಾಕೆ? ನಾವು ದೊಡ್ಡವರು ಮಕ್ಕಳ ನಿರಾಸೆಗೆ ಬಹಳ ಬೇಗ ಮುಲಾಮು ಹಚ್ಚೋಕೆ ಹೋಗುತ್ತೇವೆ, ಇಲ್ಲಾ ಬೈಯುತ್ತೇವೆ. ಹತ್ತು ನಿಮಿಷ ದಂಡೆ ಮೇಲೆ ಮುಖ ಊದಿಸಿಕೊಂಡು ಕೂರಲು ಬಿಟ್ಟಿದ್ದರೆ ಸಾಕಿತ್ತು.

ಹೋದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೂ ಈಗ ಎಂಟು. ನನಗಾದದ್ದು ಇವಳಿಗೆ ಆಗಬಾರದು ಅಂತ ಜಾಣತನ ಮಾಡಿ ಮೊದಲೇ ಎಲ್ಲ ಹೇಳಿಬಿಟ್ಟೆ. ಬಾತುಕೋಳಿ ಥರಾನೇ ಇರುತ್ತವೆ, ದೂರ ಇರುತ್ತವೆ, ಕೆರೆ ಏನೂ ಸಮುದ್ರದಂಗಿಲ್ಲ. ವಿಡಿಯೋನೂ ತೋರಿಸಿದೆ, ಡ್ರೋನಿನಿಂದ ತೆಗೆದದ್ದು, ಹಿಂದೆ ಕೊಳಲಿನ ಸಂಗೀತ. ಕೆರೆಗೆ ಈಗ ದೊಡ್ಡ ಹೆಸರು ಬಂದಿದೆ, 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಅವಳು ಎರಡು ನಿಮಿಷ ನೋಡಿದಳು. "ಹ್ಞೂಂ ಅಪ್ಪಾ. ವಿಡಿಯೋದಾಗ ಹತ್ರ ಕಾಣ್ತಿದ್ವು" ಅಂದಳು. ಅಷ್ಟೇ. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ನನಗೇ ಒಂಥರಾ ಆಯ್ತು. ನನಗೆ ಬೇಜಾರಾಗೋಕಾದರೂ ಒಂದು ಟ್ಯಾಂಕಿನಷ್ಟು ಹಕ್ಕಿ ಇತ್ತಲ್ವಾ, ಇವಳಿಗೆ ಅದನ್ನೂ ನಾನು ಬಿಡಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸುಮ್ನೆ ಸ್ವೆಟರಿನ ಕಥೆ ಹೇಳಿದೆ. ಕುಂದಗೋಳ ಬರುವವರೆಗೆ ನಕ್ಕಳು. ಆಮೇಲೆ ಸುಮ್ಮನಾಗಿ ಕಿಟಕಿ ಕಡೆ ನೋಡುತ್ತ ಕೂತಳು. ನಿದ್ದೆ ಬಂತೇನೋ ಅಂದುಕೊಂಡೆ.

"ಅಪ್ಪಾ, ಸ್ವೆಟರ್ ಒಯ್ದಿದ್ದಿ ಖರೆ. ಹಗ್ಗ ಯಾಕ ಒಯ್ಲಿಲ್ಲ? ಕೆಳಗ ಬಿದ್ದಿದ್ರ?"