ಕುಚ್ಚಿನ ಫೋಟೋ ಜೊತೆ ಗಂಟಿನ ಫೋಟೋನೂ ಹಾಕಿ

ಬೆಳಗ್ಗೆ ಏಳೂವರೆಗೆ ಗೆಳತಿಯರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬರುತ್ತೆ. ನೇರಳೆ ರೇಷ್ಮೆ ಸೀರೆ, ಸೆರಗಿನ ಅಂಚಿಗೆ ಗಿಳಿಹಸಿರು ಕುಚ್ಚು, ಒಂದೊಂದರ ಕುತ್ತಿಗೆಗೂ ಜರಿ. ಕೆಳಗೆ ಒಂದೇ ಸಾಲು: ‘ಇವರು ಮನೆಯಲ್ಲೇ ಕೂತು ಮಾಡ್ತಾರಂತೆ, ಎಂಥಾ ಸ್ಫೂರ್ತಿ ಅಲ್ವಾ!’ ಹತ್ತು ನಿಮಿಷದಲ್ಲಿ ಸಾಲಾಗಿ ಹಾರ್ಟು, ‘ಸೂಪರ್ ಕಣೇ’. ಒಂಬತ್ತು ಗಂಟೆಗೆಲ್ಲ ಒಬ್ಬರು ಮೆಟ್ರೋದಲ್ಲಿ, ಒಬ್ಬರು ಸ್ಕೂಲ್ ವ್ಯಾನಿನ ಹತ್ತಿರ. ಸಂಜೆ ಹುಡುಕಿದರೆ ಆ ಫೋಟೋ ಎಲ್ಲೋ ಮೇಲೆ ಹೋಗಿರುತ್ತೆ.

ಒಳ್ಳೇದನ್ನ ನಾಲ್ಕು ಜನಕ್ಕೆ ತೋರಿಸೋದು ಒಳ್ಳೇ ಮನಸ್ಸಿನ ಕೆಲಸ. ನನ್ನ ತಕರಾರು ಇರೋದು ಅಲ್ಲಿ ಬಿಟ್ಟುಹೋಗುವ ವಿಷಯದ ಬಗ್ಗೆ. ಹೊಗಳಿಕೆ ಬರುತ್ತೆ, ಕೆಲಸದ ವಿವರ ಬರಲ್ಲ. ಗುಂಪಿನಲ್ಲಿ ಒಬ್ಬಳಾದರೂ ಆ ಫೋಟೋ ನೋಡಿ ‘ನನ್ನ ಕೈಲೂ ಆಗುತ್ತಾ?’ ಅಂತ ಅಂದುಕೊಂಡಿರ್ತಾಳೆ. ಎಷ್ಟು ದಾರ ಬೇಕು, ಎಷ್ಟು ಹೊತ್ತು ಹಿಡಿಯುತ್ತೆ, ಎಲ್ಲಿ ಕೆಡುತ್ತೆ ಅನ್ನೋದು ಅವಳಿಗೆ ಗೊತ್ತಾಗೋದೇ ಇಲ್ಲ. ಅವಳ ಉತ್ಸಾಹ ಅಲ್ಲೇ ಆರಿಹೋಗುತ್ತೆ.

ಹಾಗಾದರೆ ಏನನ್ನ ಹಂಚಬೇಕು? ಕುಚ್ಚನ್ನೇ ತಗೊಳ್ಳೋಣ.

ಮೊದಲು ಸೆರಗಿನ ತುದಿ ನೋಡಬೇಕು. ಮಗ್ಗದಿಂದ ಬಂದ ರೇಷ್ಮೆ ಸೀರೆಗೆ ಕೆಲವು ಸಲ ಅಲ್ಲಿ ನೇಯದ ಹಾಸಿನ ದಾರ, ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆ, ಉಳಿದಿರುತ್ತೆ. ಅದನ್ನೇ ಎಳೆ ಸೇರಿಸಿ ಗಂಟು ಹಾಕಿದರೆ ಸೀರೆಯ ಬಣ್ಣದ್ದೇ ಕುಚ್ಚು, ಬೇರೆ ದಾರದ ಖರ್ಚಿಲ್ಲ. ಗೊತ್ತಿಲ್ಲದವರು ಕತ್ತರಿಸಿ ಮಡಚಿ ಹೊಲಿದುಬಿಡ್ತಾರೆ. ಆಮೇಲೆ ಹೊರಗಿನ ದಾರ ಕಟ್ಟೋದೊಂದೇ ದಾರಿ.

ಹೊರಗಿನ ದಾರದ ಲೆಕ್ಕ ಹೀಗೆ. ಸೆರಗಿನ ಅಗಲ ಸುಮಾರು 45 ಇಂಚು ಅಂತಿಟ್ಟುಕೊಳ್ಳಿ. ಅರ್ಧ ಇಂಚಿಗೆ ಒಂದರಂತೆ 90 ಕುಚ್ಚು. 2 ಇಂಚು ಅಗಲದ ರಟ್ಟಿಗೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ದಾರವನ್ನ 20 ಸುತ್ತು ಸುತ್ತಿ, ಒಂದು ಕಡೆ ಕತ್ತರಿಸಿದರೆ 4 ಇಂಚಿನ 20 ಎಳೆ ಸಿಗುತ್ತೆ. ನಡುವೆ ಮಡಚಿ ಕಟ್ಟಿದಾಗ ಎರಡು ಇಂಚಿನ ಕುಚ್ಚು, ಕೊನೆಗೆ ಸಮ ಮಾಡಿ ಕತ್ತರಿಸಿದ ಮೇಲೆ ಒಂದೂವರೆ ಇಂಚು. ತೊಂಬತ್ತಕ್ಕೂ ಸೇರಿ 7200 ಇಂಚು, ಅಂದರೆ ಸರಿಯಾಗಿ 200 ಗಜ ದಾರ. ಸಿಕ್ಕು ಬಿದ್ದು ಹಾಳಾಗೋದಕ್ಕೆ ಇನ್ನೊಂದು 30 ಗಜ ಸೇರಿಸಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ತನ್ನಿ, ಮುಂದಿನ ವಾರ ಹೋದರೆ ಅದೇ ನಂಬರಿನ ಉಂಡೆಯೂ ಒಂದು ಛಾಯೆ ಆಚೀಚೆ ಇರಬಹುದು. ಚಿಕ್ಕಪೇಟೆಯ ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಬಣ್ಣ ಹೊಂದಿಸಬೇಡಿ. ಬ್ಲೌಸ್ ಪೀಸಿನ ಒಂದು ಚೂರು ಹಿಡಿದು ಬೀದಿಗೆ ಬಂದು ಬಿಸಿಲಲ್ಲಿ ನೋಡಿ.

ಗುರುತು ಹಾಕೋದು ಸೀಮೆಸುಣ್ಣದಲ್ಲಿ, ಬಾಲ್‌ಪೆನ್ನಿನಲ್ಲಲ್ಲ. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಹೋದರೆ ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸವೆಲ್ಲ ಕೂಡಿಕೊಂಡು ಕೊನೆಯಲ್ಲಿ ಮುಕ್ಕಾಲು ಇಂಚಿನ ಸಂದು ಉಳಿಯುತ್ತೆ. ಸೆರಗನ್ನ ಮಡಚಿ ನಡುಮಧ್ಯ ಗುರುತು ಮಾಡಿ, ಅಲ್ಲಿಂದ ಎರಡೂ ಕಡೆಗೆ ಹೋಗಬೇಕು. ಸೂಜಿ ಚುಚ್ಚೋದು ಅಂಚಿನಿಂದ ಕಾಲು ಇಂಚು ಒಳಗೆ, ಮಡಚಿ ಹೊಲಿದ ಎರಡು ಪದರದ ಮೇಲೆ. ತೀರಾ ಅಂಚಿಗೆ ಚುಚ್ಚಿದರೆ ಎರಡನೇ ಸಲ ಉಟ್ಟಾಗಲೇ ರೇಷ್ಮೆ ಸೀಳುತ್ತೆ. ತೆಳು ಸೀರೆಗೆ ಇಪ್ಪತ್ತೂ ಎಳೆಯನ್ನ ದಪ್ಪ ಸೂಜಿಯಲ್ಲಿ ತೂರಿಸಲೇಬಾರದು. ಮೊದಲು ಎರಡೆಳೆಯ ಸಣ್ಣ ಕುಣಿಕೆ ಹಾಕಿ, ಆ ಕುಣಿಕೆಯೊಳಗೆ ಎಳೆಗಳ ಕಟ್ಟನ್ನ ತೂರಿಸಿ ಮಡಚಿ.

ಆಮೇಲೆ ಕುತ್ತಿಗೆಗೆ ಜರಿ ದಾರ ಐದಾರು ಸುತ್ತು, ಬಿಗಿಯಾಗಿ, ಒಂದರ ಪಕ್ಕ ಒಂದು. ಆರ್ಟ್ ಸಿಲ್ಕ್ ಜಾರುವ ದಾರ. ಒಂದು ಗಂಟಿಗೆ ನಿಲ್ಲಲ್ಲ, ಎರಡು ಗಂಟು ಬೇಕು, ಅದರ ಮೇಲೆ ಸೂಜಿಮೊನೆಯಷ್ಟು ಫ್ಯಾಬ್ರಿಕ್ ಗಮ್ ಬೇಕು. ಹೊಸಬರ ಕುಚ್ಚು ಬಿಚ್ಚಿಕೊಳ್ಳೋದು ಹೆಚ್ಚಾಗಿ ಇಲ್ಲೇ. ಕತ್ತರಿಸಿ ಸಮ ಮಾಡೋದು ಎಲ್ಲ 90 ಮುಗಿದ ಮೇಲೆ, ಸೆರಗನ್ನ ಮೇಜಿನ ಮೇಲೆ ಹಾಸಿ, ಸ್ಕೇಲ್ ಇಟ್ಟು. ಒಂದೊಂದನ್ನೇ ಕಟ್ಟಿದ ಕೂಡಲೇ ಕತ್ತರಿಸ್ತಾ ಬಂದರೆ ಸಾಲು ಸೊಟ್ಟಗಾಗುತ್ತೆ. ಸುರುಳಿ ಬಿದ್ದ ಎಳೆಗೆ ಕುದಿಯುವ ನೀರಿನ ಆವಿ ತೋರಿಸಿ ಬೆರಳಲ್ಲಿ ಸವರಿದರೆ ನೆಟ್ಟಗಾಗುತ್ತೆ. ಪಾಲಿಯೆಸ್ಟರ್ ದಾರವಾಗಿದ್ದರೆ ಕಾದ ಇಸ್ತ್ರಿಪೆಟ್ಟಿಗೆ ಹತ್ತಿರಕ್ಕೂ ತರಬೇಡಿ, ಕರಗಿ ಅಂಟಿಕೊಳ್ಳುತ್ತೆ. ಕೆಂಪು, ಮೆರೂನ್ ದಾರವನ್ನ ಕಟ್ಟುವ ಮುಂಚೆ ಒದ್ದೆ ಮಾಡಿ ಹಳೇ ಬಿಳಿ ಪಂಚೆಯ ತುಂಡಿನ ಮಧ್ಯೆ ರಾತ್ರಿಯಿಡೀ ಇಟ್ಟು ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡ.

ಕೈ ಪಳಗಿದವರಿಗೂ ಒಂದು ಕುಚ್ಚಿಗೆ ಮೂರು ನಿಮಿಷ ಅಂತ ಹಿಡಿದರೆ 90ಕ್ಕೆ ನಾಲ್ಕೂವರೆ ಗಂಟೆ. ಕುತ್ತಿಗೆ ಬಗ್ಗಿಸಿ ಕೂತ ನಾಲ್ಕೂವರೆ ಗಂಟೆ! ಈ ಲೆಕ್ಕ ಗುಂಪಿಗೆ ಬಂದ ದಿನ ‘ಅಯ್ಯೋ, ಕುಚ್ಚಿಗೆ ಇಷ್ಟೊಂದು ರೇಟಾ’ ಅನ್ನೋ ಮಾತು ನಿಲ್ಲುತ್ತೆ. ಸ್ಫೂರ್ತಿ ಅಂತ ಹೊಗಳಿ, ಆಮೇಲೆ ನೂರು ರೂಪಾಯಿಗೆ ಚೌಕಾಸಿ ಮಾಡೋದು ನನಗೆ ತುಂಬಾ ನೋವಿನ ವಿಷಯ. ಎಷ್ಟು ಹೊತ್ತಿನ ಕೆಲಸ ಅಂತ ಗೊತ್ತಿದ್ದವರು ಹಾಗೆ ಮಾಡಲ್ಲ.

ಕಸೂತಿಗೂ ಇದೇ ಮಾತು. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಎರಡೂ ಬಟ್ಟೆಯ ಎರಡು ಬದಿಗೂ ಒಂದೇ ಥರ ಕಾಣಬೇಕು, ಗಂಟು ಹಾಕೋ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು ಮೂಡಿಸೋದು. ಸೂಜಿ ಒಂದು ಸಲ ಹೋಗಿ, ಅದೇ ಗೆರೆಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತೆ. ಹೋಗುವಾಗ ಒಂದು ಎಳೆ ತಪ್ಪಿದರೆ ವಾಪಸ್ ಬರುವಾಗ ಗೆರೆ ಕೂಡಲ್ಲ, ಬಿಚ್ಚಲೇಬೇಕು. ಅಂದಮೇಲೆ ಕಸೂತಿ ಮಾಡಿದವರ ಹೆಚ್ಚುಗಾರಿಕೆ ಗೊತ್ತಾಗೋದು ಹಿಂಬದಿ ನೋಡಿದಾಗ. ನಮ್ಮ ಗುಂಪುಗಳಿಗೆ ಬರುವ ಫೋಟೋಗಳಲ್ಲಿ ಆ ಹಿಂಬದಿ ಕಾಣೋದೇ ಅಪರೂಪ.

ದೊಡ್ಡವರ ಕಥೆಗಳನ್ನ ಹಂಚುವಾಗಲೂ ನಾವು ಹೀಗೇ ಮಾಡ್ತೀವಿ. ಸಾಲುಮರದ ತಿಮ್ಮಕ್ಕನವರ ಫೋಟೋ, ಅದರ ಕೆಳಗೆ ‘385 ಆಲದ ಮರಗಳ ತಾಯಿ’, 2019ರ ಪದ್ಮಶ್ರೀ. ಅಷ್ಟು ಓದಿದವರಿಗೆ ಕೈ ಮುಗಿಯಬೇಕು ಅನ್ಸುತ್ತೆ, ಗಿಡ ನೆಡೋಣ ಅನ್ಸಲ್ಲ. ಯಾಕಂದ್ರೆ 385 ಅನ್ನೋದು ನಮ್ಮ ಕೈಗೆ ಎಟುಕದ ಸಂಖ್ಯೆ. ನಮ್ಮ ಬೆಂಗಳೂರಿಗೆ ಹತ್ತಿರದಲ್ಲೇ, ಮಾಗಡಿ ಸೀಮೆಯಲ್ಲಿ, ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ ಅವರೂ ಅವರ ಗಂಡ ಚಿಕ್ಕಯ್ಯನವರೂ ಮೊದಲ ವರ್ಷ ನೆಟ್ಟಿದ್ದು ಬರೀ 10 ಸಸಿ. ಮರುವರ್ಷ 15, ಅದರ ಮುಂದಿನ ವರ್ಷ 20. ಮಳೆಗಾಲ ನೋಡಿ ನೆಟ್ಟರು, ಬೇರು ಹಿಡಿಯೋ ತನಕ ಮಳೆಯೇ ನೀರುಣಿಸಲಿ ಅಂತ. ಉಳಿದ ದಿನ ಬಿಂದಿಗೆಯಲ್ಲಿ ನೀರು ಹೊತ್ತರು. ದನ ತಿನ್ನದ ಹಾಗೆ ಸುತ್ತ ಮುಳ್ಳು ಕಟ್ಟಿದರು. ಹತ್ತು ಸಸಿ, ಮಳೆ, ಬಿಂದಿಗೆ, ಮುಳ್ಳು. ಈ ನಾಲ್ಕು ಮಾತು ಇರೋ ಪೋಸ್ಟ್ ಓದಿದರೆ ಬೀದಿಯ ಎಂಟು ಮನೆಯವರು ಸೇರಿ ಜೂನಿನಲ್ಲಿ ಏನು ಮಾಡಬಹುದು ಅಂತ ತಾನಾಗಿಯೇ ಹೊಳೆಯುತ್ತೆ. ನಗರದಲ್ಲಿ ನೆಟ್ಟ ಗಿಡಗಳು ಒಣಗೋದು ಸಾಮಾನ್ಯವಾಗಿ ಮುಂದಿನ ಮಾರ್ಚ್, ಏಪ್ರಿಲ್‌ನಲ್ಲಿ, ಬಿಂದಿಗೆ ಹೊರೋರು ಯಾರು ಅಂತ ಮೊದಲೇ ಮಾತಾಗದೇ ಇದ್ದಾಗ.

ಒಂದು ಎಚ್ಚರಿಕೆ. ಕೆಲವು ಕಥೆಗಳಲ್ಲಿ ಹೆಸರಿಲ್ಲ, ಊರಿಲ್ಲ, ಯಾವ ವರ್ಷ ಅಂತಿಲ್ಲ, ಓದಿದರೆ ಕಣ್ಣಲ್ಲಿ ನೀರು ಬರುತ್ತೆ. ಅಂಥದ್ದನ್ನ ಮುಂದಕ್ಕೆ ಕಳಿಸಬೇಡಿ. ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಬಂದಿದ್ದರೆ ಅದು ಎಷ್ಟೋ ಕೈ ದಾಟಿ ಬಂದಿದೆ ಅಂತ ಅರ್ಥ. ಅಂಥ ಮೆಸೇಜನ್ನ ಒಂದು ಸಲಕ್ಕೆ ಒಬ್ಬರಿಗೋ ಒಂದು ಗುಂಪಿಗೋ ಮಾತ್ರ ಕಳಿಸೋ ಹಾಗೆ 2020ರ ಏಪ್ರಿಲ್‌ನಿಂದ ಕಟ್ಟುಪಾಡು ಇದೆ. ಸುಳ್ಳು ಕಥೆ ಮೂರು ಸಲ ಬಂದು ಹೋದ ಗುಂಪಿನಲ್ಲಿ ನಾಲ್ಕನೇ ಸಲ ನಿಜವಾಗಿ ದುಡಿದ ಹೆಂಗಸಿನ ವಿಷಯ ಬಂದರೆ ಅದನ್ನೂ ಯಾರೂ ಓದಲ್ಲ.

ಫೋಟೋ ತೆಗೆಯೋದು ಕಷ್ಟ ಏನಲ್ಲ. ಕಿಟಕಿ ಪಕ್ಕ, ಬೆಳಗಿನ ಬೆಳಕು, ಫ್ಲ್ಯಾಶ್ ಬೇಡ. ಫ್ಲ್ಯಾಶಿಗೆ ಜರಿ ಬೆಳ್ಳಗೆ ಹೊಳೆದು ಗಂಟು ಕಾಣಲ್ಲ. ಒಂದು ಪೂರ್ತಿ ಸೆರಗು, ಒಂದು ಹತ್ತಿರದಿಂದ ಗಂಟು, ಒಂದು ಹಿಂಬದಿ. ಪಕ್ಕದಲ್ಲಿ ಸ್ಕೇಲೋ ನಾಣ್ಯವೋ ಇಟ್ಟರೆ ಅಳತೆ ಗೊತ್ತಾಗುತ್ತೆ. ಕಳಿಸುವಾಗ ಎಚ್‌ಡಿ ಒತ್ತಿ, ಇಲ್ಲದಿದ್ದರೆ ಎಳೆಗಳೆಲ್ಲ ಕಲಸಿಹೋಗುತ್ತೆ. ಮಾಡಿದವರನ್ನ ಕೇಳೋಕೆ ನಾಚಿಕೊಳ್ಳಬೇಡಿ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋದಾಗ ಕುಮಾರಕೃಪಾ ರಸ್ತೆಯಲ್ಲಿ ಕಲಾವಿದರು ತಮ್ಮ ಚಿತ್ರದ ಪಕ್ಕದಲ್ಲೇ ಕೂತಿರ್ತಾರೆ. ಸೆಲ್ಫಿ ತಗೊಂಡು ಬರೋ ಬದಲು ‘ಅಕ್ಕ, ಇದರಲ್ಲಿ ಯಾವ ಭಾಗಕ್ಕೆ ಜಾಸ್ತಿ ಹೊತ್ತು ಹಿಡೀತು? ಎಲ್ಲಿ ಕೆಟ್ಟಿತ್ತು, ಹೇಗೆ ಸರಿಮಾಡಿದ್ರಿ?’ ಅಂತ ಕೇಳಿ ನೋಡಿ. ‘ನಿಮಗೆ ಸ್ಫೂರ್ತಿ ಯಾರು’ ಅಂದರೆ ಸಿಗೋದು ಎಲ್ಲೋ ಕೇಳಿದ ಉತ್ತರ. ಕೆಟ್ಟಿದ್ದು ಎಲ್ಲಿ ಅಂತ ಕೇಳಿದರೆ ಅವರ ಮುಖವೇ ಬದಲಾಗುತ್ತೆ, ಕೈ ಆಡಿಸಿಕೊಂಡು ಹೇಳೋಕೆ ಶುರುಮಾಡ್ತಾರೆ.

ಮತ್ತೆ, ಅವರ ಹೆಸರು ಹಾಕಿ. ಫೋನ್ ನಂಬರ್ ಮಾತ್ರ ಕೇಳದೇ ಹಾಕಬೇಡಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಕುಚ್ಚು ಕಟ್ಟುವವರ ಮನೆಯಲ್ಲಿ ಸೀರೆಗಳ ರಾಶಿ ಬಿದ್ದಿರುತ್ತೆ. ಆ ವಾರ ನೀವು ಪ್ರೀತಿಯಿಂದ ಐದು ಗುಂಪಿಗೆ ನಂಬರ್ ಹಾಕಿದರೆ ದಿನಕ್ಕೆ ನಲವತ್ತು ಫೋನ್ ಬಂದು, ಒಪ್ಪಿಕೊಂಡ ಕೆಲಸವೂ ಕೆಡುತ್ತೆ, ಆಗಲ್ಲ ಅನ್ನಿಸಿಕೊಂಡವರ ಮುನಿಸೂ ಕಟ್ಟಿಕೊಳ್ಳಬೇಕಾಗುತ್ತೆ. ಅದರ ಬದಲು ಆಷಾಢದಲ್ಲಿ ಕೇಳಿ. ಮದುವೆ ಸೀರೆಗಳ ಗಡಿಬಿಡಿ ಇರಲ್ಲ, ಕೈ ಸ್ವಲ್ಪ ಬಿಡುವಾಗಿರುತ್ತೆ. ಗೆಳತಿಯರು ಮೂರು ಜನ ಒಂದೊಂದು ಹಳೇ ಸೀರೆ, ಒಂದು ಉಂಡೆ ದಾರ, ಒಂದು ರಟ್ಟು ಹಿಡಿದು ಹೋಗಿ, ಅವರ ಹೊತ್ತಿಗೆ ಎಷ್ಟಾಗುತ್ತೋ ಅಷ್ಟು ದುಡ್ಡು ಮೊದಲೇ ಮಾತಾಡಿ ಕೊಟ್ಟು, ಹತ್ತು ಕುಚ್ಚು ಅವರೆದುರಿಗೆ ಕಟ್ಟಿ ಬನ್ನಿ. ಆ ಸಂಜೆ ಗುಂಪಿಗೆ ಹಾಕೋ ಫೋಟೋದಲ್ಲಿ ಸೊಟ್ಟಗಿರೋ ನಾಲ್ಕನೇ ಕುಚ್ಚೂ ಇರಲಿ, ಯಾಕೆ ಸೊಟ್ಟಗಾಯ್ತು ಅಂತ ಒಂದು ಸಾಲೂ ಇರಲಿ.