ಪ್ರೋಗ್ರಾಮರ್ ಇದ್ದರೆ ದೇವರೂ ಇದ್ದಂತೆಯೇ?

ಪರ

ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ದೇವರನ್ನು ನಂಬುತ್ತೇನೆ ಅಂದರೆ ಗೆಳೆಯರು ಒಂದೇ ಮಾತು ಹೇಳುತ್ತಿದ್ದರು. ಜಗತ್ತಿನ ಹೊರಗೆ ಒಬ್ಬ ಕೂತು ಜಗತ್ತನ್ನು ಮಾಡಿದ ಅನ್ನೋದಕ್ಕೆ ಅರ್ಥವೇ ಇಲ್ಲ ಅಂತ. ಈಗ ಅದೇ ಗೆಳೆಯರು ನಾವೆಲ್ಲ ಯಾವುದೋ ಕಂಪ್ಯೂಟರಿನೊಳಗೆ ಇರಬಹುದು ಅನ್ನುತ್ತಾರೆ. ಇದಕ್ಕೆ ವಾದದ ರೂಪ ಕೊಟ್ಟವರು ಆಕ್ಸ್‌ಫರ್ಡ್‌ನಲ್ಲಿದ್ದ ತತ್ವಜ್ಞಾನಿ ನಿಕ್ ಬಾಸ್ಟ್ರಮ್, 2003ರಲ್ಲಿ. ಮುಂದೊಂದು ದಿನ ನಮ್ಮಂಥವರು ತಮ್ಮ ಹಿರೀಕರ ಬದುಕನ್ನೇ ಕಂಪ್ಯೂಟರಿನಲ್ಲಿ ನಡೆಸಬಲ್ಲವರಾದರೆ, ಅಂಥ ಬದುಕುಗಳು ಅಸಲಿಗಿಂತ ಎಷ್ಟೋ ಪಟ್ಟು ಜಾಸ್ತಿಯಾಗುತ್ತವೆ. ಆಗ ನಾವೇ ಅಸಲಿ ಅಂತ ಹೇಗೆ ಹೇಳೋದು?

ಇದನ್ನು ಒಪ್ಪಿದವರು ಇನ್ನೊಂದನ್ನೂ ಒಪ್ಪಬೇಕು. ನಮ್ಮ ಜಗತ್ತಿನ ನಿಯಮ ಬರೆದವನು, ಅಂದರೆ ಆ ಪ್ರೋಗ್ರಾಮರ್, ಈ ಜಗತ್ತಿನೊಳಗೆ ಎಲ್ಲಿ ಹುಡುಕಿದರೂ ಸಿಗಲಾರ. ಇದರಿಂದ ದೇವರಿದ್ದಾನೆ ಅಂತ ಸಿದ್ಧವಾಗುವುದಿಲ್ಲ, ನಿಜ. ಆದರೆ ನಂಬುವವರು ಯೋಚನೆ ಮಾಡದವರು ಅನ್ನೋ ಮಾತು ಬಿದ್ದುಹೋಗುತ್ತದೆ. ನನಗೆ ಅಷ್ಟು ಸಾಕು.

ವಿರೋಧ

ನಾನೂ ನಂಬುವವಳೇ. ಅದಕ್ಕೇ ಈ ವಾದ ಬೇಡ ಅನ್ನುತ್ತೇನೆ.

ಬಾಸ್ಟ್ರಮ್ ಇಟ್ಟಿದ್ದು ಮೂರು ಸಾಧ್ಯತೆ. ಅಂಥ ಬದುಕನ್ನು ಕಂಪ್ಯೂಟರಿನಲ್ಲಿ ನಡೆಸಬಲ್ಲ ಮಟ್ಟ ಮುಟ್ಟುವ ಮೊದಲೇ ನಮ್ಮಂಥವರು ಅಳಿದುಹೋಗುತ್ತಾರೆ. ಇಲ್ಲವೇ, ಮುಟ್ಟಿದವರು ಅದನ್ನು ನಡೆಸಲು ಹೋಗುವುದಿಲ್ಲ. ಇಲ್ಲವೇ, ನಾವು ಬಹುತೇಕ ಅದರೊಳಗೇ ಇದ್ದೇವೆ. ಮೂರರಲ್ಲಿ ಒಂದಾದರೂ ನಿಜ ಅಂದರು, ಮೂರನೆಯದೇ ನಿಜ ಅನ್ನಲಿಲ್ಲ. ಇದೆಲ್ಲ ನಿಂತಿರುವುದು ಕಂಪ್ಯೂಟರಿನಲ್ಲೂ ಅರಿವು ಹುಟ್ಟುತ್ತದೆ ಎಂಬ ಊಹೆಯ ಮೇಲೆ. ಇವತ್ತಿನ ಎಐ ಅಪಾರ ಬರಹದಿಂದ ಕಲಿತು ಮುಂದಿನ ಪದ ಯಾವುದೆಂದು ಲೆಕ್ಕ ಹಾಕುತ್ತದೆ. ಬ್ಯಾಡಗಿ ಮೆಣಸಿನಕಾಯಿ ಘಾಟಿನ ಬಗ್ಗೆ ಚೆಂದಾಗಿ ಒಂದು ಪುಟ ಬರೆದೀತು. ಅಷ್ಟಕ್ಕೇ ಅದಕ್ಕೆ ಘಾಟು ಹತ್ತಿತು ಅನ್ನೋಕಾಗಲ್ಲ.

ಇರಲಿ, ಪ್ರೋಗ್ರಾಮರ್ ಒಬ್ಬ ಇದ್ದಾನೆ ಅಂತಲೇ ಇಟ್ಟುಕೊಳ್ಳೋಣ. ಅವನ ಮೇಲೆ ಮತ್ತೊಬ್ಬ ಇರಬಹುದು, ಅವನೂ ನಮ್ಮಂತೆ ಹುಟ್ಟಿ ಸಾಯುವವನಿರಬಹುದು. ಅವನಿಗೆ ಶಕ್ತಿ ಇದೆ. ಕರುಣೆ ಇದೆ ಅನ್ನೋಕೆ ಆಧಾರ ಏನು? ನಮ್ಮ ಗದಗ ಕಡೆಯ ಬರಗಾಲಗಳನ್ನು ಸುಮ್ನೆ ನೋಡಲಿಕ್ಕೆ ನಡೆಸಿದವನಾದರೆ ಅವನಿಗೆ ನಾನು ಕೈ ಮುಗಿಯಲಾರೆ.

ಜಗತ್ತು ಮಿಥ್ಯೆ ಅನ್ನುವ ಅದ್ವೈತವೂ ಇದೇ ಅಲ್ವಾ ಅಂತ ಕೇಳುವವರಿದ್ದಾರೆ. ಹುಬ್ಬಳ್ಳಿಯ ಸಿದ್ಧಾರೂಢರು ಬೋಧಿಸಿದ್ದು ಆ ಅದ್ವೈತವನ್ನೇ. ಆದರೆ ಅಲ್ಲಿ ಹೊರಗೆ ಕೂತು ಆಡಿಸುವ ಬೇರೊಬ್ಬನಿಲ್ಲ. ನೋಡುವವನ ನಿಜ ಸ್ವರೂಪವೇ ಬ್ರಹ್ಮ. ಪ್ರೋಗ್ರಾಮರ್ ಮಾತ್ರ ಎಂದಿಗೂ ನಾನಾಗಲಾರ.

ನಮ್ಮವ್ವ ಸೋಮವಾರ ತಪ್ಪದೆ ಸಿದ್ಧಾರೂಢ ಮಠಕ್ಕೆ ಹೋಗುತ್ತಾಳೆ. ಅಪ್ಪ ತೀರಿಕೊಂಡ ಮೇಲಂತೂ ಅಲ್ಲಿ ತಾಸುಗಟ್ಟಲೆ ಕೂರುತ್ತಿದ್ದಳು. ಒಮ್ಮೆ ಈ ವಾದವನ್ನು ಅವಳಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, "ಅವಂಗ ನಾ ಅಳೂದು ಕೇಳಸ್ತೈತೇನು?" ಅಂದಳು.

"ಬೇಕಂದ್ರ ನೋಡಬಹುದು, ಅವ್ವಾ" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಆ ವಾದದಲ್ಲಿ ಏನೂ ಸಿಗಲಿಲ್ಲ.